ಅಪ್ಪ ಹೊಂದಿಸಿದ ಮಾಂಡಣಿ

ನಮ್ಮ ಅಪ್ಪ ಹಳಿಯಾಳದ ಪೇಟೆಯಲ್ಲಿ ಒಂದು ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿ ನಮ್ಮದಲ್ಲ, ದೂರದ ಸಂಬಂಧಿಕರದು. ಗಲ್ಲಾದ ಮೇಲೆ ಕೂಡುವವರು ಬೇರೆ, ಗಿರಾಕಿಗಳ ಜೊತೆ ಚೌಕಾಸಿ ಮಾಡುವವರು ಬೇರೆ. ಅಪ್ಪನ ಕೆಲಸ ಪಾತ್ರೆಗಳನ್ನು ಹೊಂದಿಸಿಡುವುದು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೆಟ್ಟಿಲಿನ ಹಾಗೆ ಕೂಡಿಸಿದ ಮರದ ಪಾವಟಿಗೆಗಳ ಮೇಲೆ ಕೊಡ, ಹಂಡೆ, ತಂಬಿಗೆ, ತಾಟು ಎಲ್ಲವನ್ನೂ ಒರೆಸಿ ಇಡಬೇಕು. ಅಷ್ಟು ಮಾಡಿ ಆತ ರಸ್ತೆ ದಾಟಿ ಎದುರಿನ ಕಿರಾಣಿ ಅಂಗಡಿಯ ಕಟ್ಟೆಯ ಹತ್ತಿರ ನಿಲ್ಲುತ್ತಿದ್ದ. ಅಲ್ಲಿಂದ ಒಮ್ಮೆ ನೋಡಿ, ಮತ್ತೆ ಬಂದು ಯಾವುದೋ ಒಂದು ತಂಬಿಗೆಯನ್ನು ಒಂಚೂರು ತಿರುಗಿಸಿ ಇಡುತ್ತಿದ್ದ. ಆಮೇಲೆ ಅಂಗಡಿ ಶುರುವಾಯಿತು ಅಂತ ಅರ್ಥ. ಸಂತೆಗೆ ಬಂದ ಹೆಣ್ಣುಮಕ್ಕಳು ಏನೂ ಕೊಳ್ಳುವುದಿಲ್ಲದಿದ್ದರೂ ಆ ಅಂಗಡಿಯ ಮುಂದೆ ನಿಂತು ನೋಡಿಯೇ ಮುಂದೆ ಹೋಗುತ್ತಿದ್ದರು. ಶಾಲೆಯಿಂದ ಬರುವಾಗ ನಾನೂ ನಿಲ್ಲುತ್ತಿದ್ದೆ. ಒಳಗಿದ್ದ ಅಪ್ಪನನ್ನು ನೋಡುವುದಕ್ಕಲ್ಲ, ಆತ ಹೊಂದಿಸಿಟ್ಟ ಪಾತ್ರೆಗಳನ್ನು ನೋಡುವುದಕ್ಕೆ.

ನಾನು ಕಾಲೇಜು ಸೇರಿದ ವರ್ಷ ಎರಡು ಬದಲಾವಣೆಗಳು ಒಟ್ಟಿಗೇ ಆದವು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದ ನಮ್ಮ ಅವ್ವನಿಗೆ ಜೋಯಿಡಾ ತಾಲೂಕಿನ ಒಂದು ಹಳ್ಳಿಗೆ ವರ್ಗವಾಯಿತು. ಅನಮೋಡದ ಕಡೆಗೆ ಹೋಗುವ ದಾರಿಯಲ್ಲಿ, ಕಾಡಿನ ನಡುವಿನ ಊರು. ದಿನಾ ಹೋಗಿ ಬರುವಷ್ಟು ಹತ್ತಿರವಲ್ಲ. ಹಾಗಾಗಿ ಅವ್ವ ಅಲ್ಲಿಯೇ ಒಂದು ಖೋಲಿ ಬಾಡಿಗೆಗೆ ಹಿಡಿದಳು. ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿ, ದಾಂಡೇಲಿಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಮನೆಗೆ ಬರುತ್ತಿದ್ದಳು. ಸೋಮವಾರ ನಸುಕಿನ ಬಸ್ಸಿಗೆ ಮತ್ತೆ ಹೊರಡುತ್ತಿದ್ದಳು. ಮನೆಯಲ್ಲಿ ಉಳಿದವರು ನಾನು, ಅಪ್ಪ ಮತ್ತು ಆಯಿ, ಅಂದರೆ ಅಪ್ಪನ ತಾಯಿ.

ಇನ್ನೊಂದು ಬದಲಾವಣೆ ಅಂಗಡಿಯದು. ಮಾಲೀಕರ ಮಕ್ಕಳಲ್ಲಿ ಪಾಲಾಗಿ, ಅಂಗಡಿಯ ನಡುವೆ ಒಂದು ಗೋಡೆ ಬಂತು. ಆಚೆಯ ಅರ್ಧದಲ್ಲಿ ಟೀವಿ, ಟೇಪರೆಕಾರ್ಡರ್ ಮಾರತೊಡಗಿದರು. ಈಚೆಯ ಅರ್ಧದಲ್ಲಿ ಪಾತ್ರೆಗಳು ಉಳಿದವು, ಆದರೆ ಅವನ್ನು ಸೂರಿನ ತನಕ ಒಂದರ ಮೇಲೊಂದು ಹೇರಿಡದೆ ಗತಿ ಇರಲಿಲ್ಲ. ಪಾವಟಿಗೆಗಳಿಗೆ ಜಾಗವೇ ಇಲ್ಲ. ಗಟ್ಟಿ ಹೊನ್ನೆ ಮರದ ಆ ಹಲಗೆಗಳನ್ನು ಬಿಚ್ಚಿ, “ಒಯ್ರಿ, ನಿಮಗ ಉಪಯೋಗ ಆದೀತು” ಅಂತ ಅಪ್ಪನಿಗೇ ಕೊಟ್ಟರು. ಅಪ್ಪ ಅವನ್ನು ಕೈಗಾಡಿಯಲ್ಲಿ ಹೇರಿಸಿಕೊಂಡು ಬಂದು ಬಚ್ಚಲ ಹಿಂದೆ ನಿಲ್ಲಿಸಿದ. ಅದಾದ ಮೇಲೆ ಕೆಲವು ತಿಂಗಳು ಆತ ಸಂಜೆ ಬೇಗ ಮನೆಗೆ ಬರುತ್ತಿದ್ದ. ಬಂದು ಸುಮ್ಮನೆ ಕೂತಿರುತ್ತಿದ್ದ. ಆತನ ಕೈಗೆ ಕೆಲಸವಿಲ್ಲ ಅನ್ನುವುದು ನನಗೂ ಗೊತ್ತಾಗುತ್ತಿತ್ತು.

ನಮ್ಮ ಅಡುಗೆಮನೆಯಲ್ಲಿ ಆಗ ಒಂದು ಹಳೆಯ ಮರದ ಕಪಾಟು ಇತ್ತು. ಮಳೆಗಾಲದ ಒಂದು ಬೆಳಿಗ್ಗೆ ಅವಲಕ್ಕಿ ತೆಗೆಯಲು ನಾನು ಅದರ ಬಾಗಿಲು ಎಳೆದೆ. ಬಾಗಿಲು ಇಡಿಯಾಗಿ ನನ್ನ ಕೈಗೇ ಬಂತು. ಒಳಗೆ ನೋಡಿದರೆ ಗೆದ್ದಲು ಕೆಳಗಿನ ಹಲಗೆಯಿಂದ ಹಿಡಿದು ಮೇಲಿನ ತನಕ ಮಣ್ಣಿನ ದಾರಿ ಕಟ್ಟಿತ್ತು. ಆಯಿ ತಲೆಯ ಮೇಲೆ ಕೈ ಹೊತ್ತು ಕೂತಳು. ಅಪ್ಪ ಮಾತ್ರ ಕಪಾಟಿನ ಹಿಂದಿನ ಗೋಡೆಯನ್ನು ನೋಡುತ್ತ ನಿಂತ. ಕಪಾಟು ಸರಿಸಿದ ಮೇಲೆ ಅದೊಂದು ಉದ್ದನೆಯ ಖಾಲಿ ಗೋಡೆ. ಮೇಲಿನ ಗಾಜಿನ ಹಂಚಿನಿಂದ ಇಳಿದ ಬೆಳಕು ನೇರ ಅದರ ಮೇಲೇ ಬೀಳುತ್ತಿತ್ತು.

“ಇಲ್ಲಿ ಕಪಾಟು ಬ್ಯಾಡ,” ಅಂದ ಅಪ್ಪ. “ಮಾಂಡಣಿ ಮಾಡೂಣು.”

ಮಾಂಡಣಿ ಅಂದರೆ ನಮ್ಮ ಕಡೆ ಗೋಡೆಗುಂಟ ಪಾತ್ರೆಗಳನ್ನು ಕಾಣುವ ಹಾಗೆ ಇಡುವ ಹಲಗೆಗಳ ಸಾಲು. ಬಾಗಿಲಿಲ್ಲ, ಪರದೆಯಿಲ್ಲ. ಬಹಳ ಮನೆಗಳಲ್ಲಿ ಇರುತ್ತದೆ, ಅದನ್ನು ಹೊಂದಿಸುವುದು ಮನೆಯ ಹೆಂಗಸರ ಕೆಲಸ. ಅಪ್ಪ ತಾನೇ ಹೊಂದಿಸುತ್ತೇನೆ ಅಂದಾಗ ಆಯಿಗೆ ಸಿಟ್ಟು ಬಂತು.

“ಗಂಡಸು ಭಾಂಡೆ ಹೊಂದಸ್ಕೋತ ಕುಂದರ್ತಾನ? ಓಣ್ಯಾಗ ಮಂದಿ ಏನಂದಾರು?”

“ಅಂಗಡ್ಯಾಗ ಇಷ್ಟ ವರ್ಷ ಏನ್ ಮಾಡೇನಿ ಯವ್ವಾ ನಾ?” ಅಂದ ಅಪ್ಪ.

“ಅದು ಅಂಗಡಿ. ಇದು ಅಡಗಿ ಮನಿ.”

ಅಪ್ಪ ನಕ್ಕು ಸುಣ್ಣ ಕಲಸಲು ಹೋದ. ಸುಣ್ಣಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನು ಬೆರೆಸಿ, ಒಂದು ಮೂಲೆಯಲ್ಲಿ ಬಳಿದು, ಅದರ ಮುಂದೆ ಒಂದು ಹಿತ್ತಾಳೆ ಚರಿಗೆ ಹಿಡಿದು ನೋಡಿದ. ಬಣ್ಣ ಹೆಚ್ಚಾಯಿತೆಂದು ಇನ್ನಷ್ಟು ಸುಣ್ಣ ಸೇರಿಸಿದ. ಕೊನೆಗೆ ಮಳೆ ಹೊಳವಾದ ಮೇಲಿನ ಆಕಾಶದಂಥ ತಿಳಿ ಬಣ್ಣ ಬಂತು. ಹಿತ್ತಾಳೆ, ತಾಮ್ರ, ಸ್ಟೀಲು ಮೂರೂ ಅದರ ಮುಂದೆ ಎದ್ದು ಕಂಡವು. ಹೊನ್ನೆ ಹಲಗೆಗಳಿಗೆ ಕೀಸುಳಿ ಹಾಕಿಸಿ, ಎಣ್ಣೆ ಒರೆಸಿ, ಗೋಡೆಯಲ್ಲಿ ಗಟ್ಟಿ ಕಬ್ಬಿಣದ ಗೂಟ ಕೂಡಿಸಿ ಅಪ್ಪ ಮಾಂಡಣಿ ನಿಲ್ಲಿಸಿದ. ಹಲಗೆಗಳಲ್ಲಿ ಕೆಲವು ಮಿಕ್ಕವು, ಅವು ಬಚ್ಚಲ ಹಿಂದೆಯೇ ಉಳಿದವು.

ಹೊಂದಿಸುವ ದಿನ ಆತ ನನ್ನನ್ನು ಜೊತೆಗೆ ಕೂಡಿಸಿಕೊಂಡ. ನಾನು ಹುಣಸೆಹಣ್ಣು ಹಚ್ಚಿ ತಿಕ್ಕಿ ಕೊಡುವುದು, ಆತ ಒರೆಸಿ ಇಡುವುದು. ಮೇಲಿನ ಹಲಗೆಯ ಮೂಲೆಯಲ್ಲಿ ಸನವಳ್ಳಿಯಿಂದ, ಅವ್ವನ ತವರಿನಿಂದ ಬಂದ ತಾಮ್ರದ ಹಂಡೆ. ಅದರ ಪಕ್ಕ ಕೊಡಗಳು ಎತ್ತರದಿಂದ ಗಿಡ್ಡಕ್ಕೆ ಇಳಿಯುತ್ತ ಹೋದವು. ನಡುವಿನ ಹಲಗೆಯ ಹಿಂದೆ ದೊಡ್ಡ ತಾಟುಗಳು ಗೋಡೆಗೆ ಆನಿಸಿ ನಿಂತವು, ಅವುಗಳ ಮುಂದೆ ಸ್ಟೀಲಿನ ಡಬ್ಬಿಗಳು. ಬೇಳೆಗಳೆಲ್ಲ ಪ್ಲಾಸ್ಟಿಕ್ ಚೀಲಗಳಿಂದ ಗಾಜಿನ ಭರಣಿಗಳಿಗೆ ಬಂದವು. ತೊಗರಿ, ಹೆಸರು, ಅಲಸಂದಿ, ಒಣಮೆಣಸಿನಕಾಯಿ, ಹೀಗೆ ಒಂದರ ಬಣ್ಣದ ಪಕ್ಕ ಇನ್ನೊಂದರ ಬಣ್ಣ ನೋಡಿ ನೋಡಿ ಇಟ್ಟ. ಲೋಟಗಳು ಒಂದರ ಮೇಲೊಂದು ಗೋಪುರವಾಗಿ ನಿಂತವು. ಸೌಟು, ಹುಟ್ಟು, ಜಾಲರಿ ಎಲ್ಲ ಕೆಳಗೆ ಒಂದೇ ಸಾಲಿನಲ್ಲಿ ತೂಗಿದವು. ಎಲ್ಲ ಮುಗಿದ ಮೇಲೆ ಆತ ಅಡುಗೆಮನೆಯ ಹೊಸ್ತಿಲು ದಾಟಿ, ನಡುಮನೆ ದಾಟಿ, ಅಂಗಳದ ತನಕ ಹೋಗಿ ಅಲ್ಲಿಂದ ತಿರುಗಿ ನೋಡಿದ. ಒಳಗಡೆ ಗೋಡೆಯೇ ಹೊಳೆಯುತ್ತಿತ್ತು. ಅಷ್ಟು ಚೆಂದದ ಅಡುಗೆಮನೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಶನಿವಾರ ಅವ್ವ ಬಂದಳು. ಚೀಲ ಕೆಳಗಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಬಾಯಿಗೆ ಸೆರಗು ಹಚ್ಚಿ ನಕ್ಕಳು. “ಅಯ್ಯ, ಎಷ್ಟ ಛಂದ ಕಾಣ್ತೈತ್ರಿ!” ಅಂದಳು. ಅಪ್ಪನ ಮುಖ ನೋಡಬೇಕಿತ್ತು ಆಗ.

ಕೈಕಾಲು ತೊಳೆದು ಬಂದು ಅವ್ವ ಚಹಾ ಮಾಡಲು ಒಲೆ ಹಚ್ಚಿದಳು. ನೀರಿಟ್ಟು ಕೈ ಚಾಚಿದಳು. ಅಲ್ಲಿ ಚಹಾಪುಡಿ ಇರಲಿಲ್ಲ.

“ಚಾಪುಡಿ ಎಲ್ಲೈತ್ರಿ?”

“ಎರಡನೇ ಸಾಲಿನ್ಯಾಗ, ಆ ಸಣ್ಣ ಡಬ್ಬಿ. ಅದಲ್ಲ, ಅದರ ಬಾಜೂಕ.”

“ಸಕ್ರಿ?”

“ಮ್ಯಾಲೆ.”

ಸಕ್ಕರೆ ಮೇಲಿನ ಹಲಗೆಯಲ್ಲಿತ್ತು. ಅವ್ವ ಗಿಡ್ಡ ಹೆಂಗಸು, ಕೈ ಎಟುಕಲಿಲ್ಲ. ಅಪ್ಪ ತೆಗೆದುಕೊಟ್ಟ. ಶುಂಠಿ ಎಲ್ಲಿ ಅಂದಳು, ಅದನ್ನೂ ತೆಗೆದುಕೊಟ್ಟ. “ಛಲೋ ಆತು,” ಅಂದಳು ಅವ್ವ. “ನಮ್ಮ ಮನ್ಯಾಗ ನಾನ ಗಿರಾಕಿ ಆದೆ. ಬೇಕಾದ್ದು ಕೇಳೂದು, ನೀವು ತಗದ ಕೊಡೂದು.” ಮಾತು ನಗೆಯಲ್ಲೇ ಇತ್ತು, ಆದರೆ ದನಿ ಬದಲಾಗಿತ್ತು. ಚಹಾ ಸೋಸಲು ಲೋಟ ಬೇಕಿತ್ತು. ಆ ಗೋಪುರದ ನಡುವಿನಿಂದ ಒಂದು ಲೋಟ ಎಳೆದಳು. ಗೋಪುರ ಪೂರ್ತಿ ಕುಸಿದು ಬಿತ್ತು. ಲೋಟಗಳು ಡಬ್ಬಿಗೆ ಬಡಿದವು, ಡಬ್ಬಿಗಳು ತಾಟಿಗೆ ಬಡಿದವು, ತಾಟುಗಳು ನೆಲದ ಮೇಲೆ ಗಿರ್ರನೆ ತಿರುಗುತ್ತ ಹೋದವು. ಪಕ್ಕದ ಮನೆಯಾಕೆ ಏನಾಯಿತೋ ಅಂತ ಓಡಿ ಬಂದಳು.

ಅವ್ವ ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು. ಅಪ್ಪ ಗಾಬರಿಯಾಗಿ, “ಕಾಲಿಗೆ ಬಡೀತೇನ?” ಅಂದ.

“ಕಾಲಿಗಿಲ್ಲರಿ,” ಅಂದಳು ಅವ್ವ. “ವಾರಪೂರ್ತಿ ಅಲ್ಲಿ ಮಂದಿ ಖೋಲ್ಯಾಗ ಇರ್ತೇನಿ. ಕಿಟಕಿ ಕಟ್ಟಿ ಮ್ಯಾಲೆ ಅರ್ಧ ಡಜನ್ ಸಾಮಾನ ಇಟ್ಕೊಂಡು ದಿನಾ ಕಳೀತೇನಿ. ಶನಿವಾರ ಬಂದು ನನ್ನ ಅಡಗಿ ಮನ್ಯಾಗ ಕಣ್ಣ ಮುಚ್ಚಿ ಕೈ ಚಾಚಿದ್ರ ಉಪ್ಪು ಸಿಗಬೇಕು, ಅಷ್ಟ. ಇಲ್ಲೂ ನಾ ಬ್ಯಾರೇದವರ ಮನೀಗೆ ಬಂದಂಗ ಆತಲ್ಲ.”

ಪಕ್ಕದ ಮನೆಯಾಕೆ ಮೆಲ್ಲಗೆ ಹೊರಟುಹೋದಳು. ತಾನು ಹೇಳಿದ್ದೇ ನಿಜವಾಯಿತು ಅಂತ ಆಯಿ ಆಗ ಅನ್ನದೆ ಇದ್ದದ್ದಕ್ಕೆ ನನಗೆ ಇವತ್ತಿಗೂ ಆಕೆಯ ಮೇಲೆ ಗೌರವ. ಅಪ್ಪ ಬಗ್ಗಿ ಲೋಟಗಳನ್ನು ಒಂದೊಂದಾಗಿ ಆರಿಸಿದ. ಚಹಾ ಆತನೇ ಸೋಸಿ ಕೊಟ್ಟ.

ಮರುದಿನ ರವಿವಾರ. ಅವ್ವ ರೊಟ್ಟಿ ಬಡಿಯಲು ಕೂತಾಗ ಅಪ್ಪ ಒಂದು ಮಣೆ ತಂದು ಮೂಲೆಯಲ್ಲಿ ಹಾಕಿಕೊಂಡು ಕೂತ. ಪೇಪರ್ ಓದಲಿಲ್ಲ, ರೇಡಿಯೋ ಹಚ್ಚಲಿಲ್ಲ. ಸುಮ್ಮನೆ ನೋಡುತ್ತಿದ್ದ. ಅವ್ವ ಹಿಟ್ಟು ನಾದಿದಳು, ರೊಟ್ಟಿ ಬಡಿದಳು, ಬದನೆಕಾಯಿ ಹೆಚ್ಚಿದಳು. ಆತ ಏಳುವ ಲಕ್ಷಣವೇ ಇಲ್ಲ.

“ಏನ್ ನೋಡಾಕತ್ತೀರಿ?” ಅಂದಳು ಕೊನೆಗೆ.

“ನಿನ್ನ ಕೈ ನೋಡಾಕತ್ತೇನಿ.”

“ಈ ವಯಸ್ಸಿನ್ಯಾಗ?” ಅವ್ವನ ಕಿವಿ ಕೆಂಪಾಯಿತು. “ಹುಡುಗಿ ಇದಾಳ ಇಲ್ಲೆ, ಎದ್ದ ಹೋಗ್ರಿ ಆಕಡೆ.”

“ಚ್ಯಾಷ್ಟಿ ಅಲ್ಲ. ನೀ ಮಾಡು, ನಾ ಕುಂತಿರ್ತೇನಿ.”

ಅವ್ವ ಬೈಯುತ್ತಲೇ ಅಡುಗೆ ಮಾಡಿದಳು. ಅಪ್ಪನ ಜೊತೆ ಕೂತು ನಾನೂ ನೋಡಿದೆ. ಅಷ್ಟು ವರ್ಷ ಆಕೆ ಬಡಿಸಿದ್ದನ್ನು ಉಂಡಿದ್ದೆ, ಆಕೆಯ ಕೈಗಳನ್ನು ನೋಡಿರಲಿಲ್ಲ. ಒಗ್ಗರಣೆಗೆ ಎಣ್ಣೆ ಕಾಯುವ ಮೊದಲೇ ಬಲಗೈ ಸಾಸಿವೆಯ ಕಡೆ ಹೋಗುತ್ತಿತ್ತು, ಎಡಗೈಯಲ್ಲಿ ಇಕ್ಕಳ. ಉಪ್ಪಿಗೆ ಆಕೆ ಎಂದೂ ತಲೆ ಎತ್ತುತ್ತಿರಲಿಲ್ಲ. ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿಂದ ಒತ್ತಿ ತೆಗೆದು, ಕಿರುಬೆರಳಿಂದ ಮುಚ್ಚುತ್ತಿದ್ದಳು. ರೊಟ್ಟಿ ತಿರುವಿ ಹಾಕುವ ಬಿಡುವಿನಲ್ಲಿ ಹಿಂದಕ್ಕೆ ಕೈ ಹಾಕಿ ತಾಟು ಹುಡುಕುತ್ತಿದ್ದಳು, ಅದು ಹಿಂದೆ ಇರುತ್ತಿರಲಿಲ್ಲ, ಎದ್ದು ಹೋಗಬೇಕಾಗುತ್ತಿತ್ತು. ಅಪ್ಪ ಒಮ್ಮೆ ಎದ್ದು ಆಕೆಯ ಬೆನ್ನ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದ. ಆಕೆಗೆ ಗೊತ್ತಾಗಲಿಲ್ಲ.

ಅವ್ವ ಸೋಮವಾರ ಹೋದ ಮೇಲೆ ಅಪ್ಪ ಮಾಂಡಣಿಯನ್ನು ಪೂರ್ತಿ ಬಿಚ್ಚಿದ. ಕೆಳಗಿನ ಎರಡು ಹಲಗೆಗಳನ್ನು ಕೂತ ಅವ್ವನ ಕೈಗೆ ಎಟುಕುವ ಮಟ್ಟಕ್ಕೆ ಇಳಿಸಿದ. ಆಕೆಯ ಎತ್ತರ ತಿಳಿಯಲು ನನ್ನನ್ನು ಒಲೆಯ ಮುಂದೆ ಕೂಡಿಸಿ, ಬೆನ್ನು ಒಂಚೂರು ಬಗ್ಗಿಸು ಅಂತ ಹೇಳಿ ಅಳತೆ ತೆಗೆದ. ಉಪ್ಪು, ಸಾಸಿವೆ, ಅರಿಶಿನ, ಚಹಾಪುಡಿ, ಸಕ್ಕರೆ ಒಲೆಯ ಬಲಗಡೆಗೆ ಬಂದವು. ಒಂದರ ಮುಚ್ಚಳವೂ ಇನ್ನೊಂದಕ್ಕೆ ತಾಗದಷ್ಟು ದೂರದಲ್ಲಿ. ಹಿಂದೆ ಇದ್ದಿಲಿನ ಗೆರೆ ಎಳೆದಲ್ಲಿ ತಾಟುಗಳಿಗೆ ಒಂದು ಸಣ್ಣ ಹಲಗೆ. ಲೋಟಗಳ ಗೋಪುರ ಹೋಯಿತು, ಅವು ಬೋರಲು ಹಾಕಿ ಒಂದೇ ಸಾಲಾದವು. ದಿನವೂ ಬೇಡದ ಕೊಡ, ಹಂಡೆ, ಹಬ್ಬದ ಪಾತ್ರೆಗಳು ಮೇಲೆ ಉಳಿದವು.

ಚೆಂದ ಹಾಳಾಗುತ್ತದೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಹೊಸದರಲ್ಲಿ ನಡುನಡುವೆ ಖಾಲಿ ಜಾಗ ಇತ್ತು, ಆ ಖಾಲಿಯಲ್ಲಿ ನೀಲಿ ಗೋಡೆ ಕಾಣುತ್ತಿತ್ತು. ಅಂಗಡಿಯ ಹಾಗೆ ಎಲ್ಲವೂ ಒಮ್ಮೆಲೇ ಕಣ್ಣಿಗೆ ಬೀಳುತ್ತಿರಲಿಲ್ಲ. ಮೊದಲು ಉಪ್ಪಿನ ಡಬ್ಬಿ ಕಾಣುತ್ತಿತ್ತು, ನಿಧಾನಕ್ಕೆ ಉಳಿದವು ಕಾಣುತ್ತಿದ್ದವು. ಅಪ್ಪ ಈ ಸಲ ಅಂಗಳಕ್ಕೆ ಹೋಗಿ ನೋಡಲಿಲ್ಲ. ಒಲೆಯ ಮುಂದೆ ಅವ್ವ ಕೂಡುವಲ್ಲಿ ಕೂತು, ಕಣ್ಣು ಮುಚ್ಚಿ ಕೈ ಚಾಚಿ ನೋಡಿದ.

ಮುಂದಿನ ಶನಿವಾರ ಮಳೆ ಜೋರಿತ್ತು. ಅವ್ವ ತೊಯ್ದು ತೊಪ್ಪೆಯಾಗಿ ಬಂದಳು, ಬಸ್ಸು ಎಲ್ಲೋ ನಿಂತುಹೋಗಿತ್ತಂತೆ. ಸೀರೆ ಬದಲಿಸಿ, ದಾರಿಯ ಕಥೆ ಹೇಳುತ್ತ ಹೇಳುತ್ತ ಒಲೆ ಹಚ್ಚಿದಳು. ಮರ ಬಿದ್ದದ್ದು, ಪ್ರಯಾಣಿಕರೆಲ್ಲ ಇಳಿದು ಅದನ್ನು ಎಳೆದದ್ದು, ಯಾರದೋ ಕೋಳಿ ಬಸ್ಸಿನಲ್ಲಿ ತಪ್ಪಿಸಿಕೊಂಡದ್ದು. ಮಾತಿನ ನಡುವೆಯೇ ನೀರಿಟ್ಟಳು, ಪುಡಿ ಹಾಕಿದಳು, ಸಕ್ಕರೆ ಹಾಕಿದಳು, ಲೋಟ ತೆಗೆದಳು. ನಾನೂ ಅಪ್ಪನೂ ಆಕೆಯ ಕೈಯನ್ನೇ ನೋಡುತ್ತ ಕೂತಿದ್ದೆವು. ಚಹಾ ಸೋಸಿ ಆಯಿಯ ಕೈಗೆ ಕೊಡುವಾಗ ಅವ್ವನ ಮಾತು ನಿಂತಿತು. ತಿರುಗಿ ಮಾಂಡಣಿ ನೋಡಿದಳು. ಕೈ ಚಾಚಿ ಉಪ್ಪಿನ ಡಬ್ಬಿಯನ್ನು ಮುಟ್ಟಿದಳು, ಸಾಸಿವೆಯ ಡಬ್ಬಿಯನ್ನು ಮುಟ್ಟಿದಳು. ಹಿಂದಕ್ಕೆ ಕೈ ಹಾಕಿದಳು, ತಾಟು ಸಿಕ್ಕಿತು.

“ಇದನ್ನ ನೋಡಾಕ ಕುಂತಿದ್ರೇನ್ ಆವತ್ತ?” ಅಂದಳು.

“ಹೂಂ.”

ಅವ್ವ ಅಪ್ಪನ ಲೋಟಕ್ಕೆ ಇನ್ನೊಂದಿಷ್ಟು ಚಹಾ ಹಾಕಿದಳು. ಕೋಳಿಯ ಕಥೆ ಅರ್ಧಕ್ಕೇ ನಿಂತಿತ್ತು, ಆಯಿ ಕೇಳಿದ ಮೇಲೆ ಮುಂದುವರಿಸಿದಳು.

ಅಲ್ಲಿಂದ ಮಾಂಡಣಿ ಇಬ್ಬರದೂ ಆಯಿತು. ಅವ್ವ ತಾನಿದ್ದ ಹಳ್ಳಿಯಿಂದ ತೆಂಗಿನ ಕರಟದ ಸೌಟು, ಬಿದಿರಿನ ಸಣ್ಣ ಬುಟ್ಟಿ, ಕೆಂಪು ಮಣ್ಣಿನ ಗಡಿಗೆ ಅಂತ ಒಂದೊಂದೇ ತರತೊಡಗಿದಳು. ಬುಟ್ಟಿಯನ್ನು ತಂದವಳೇ ಸ್ಟೀಲ್ ಡಬ್ಬಿಗಳ ಸಾಲಿನ ನಟ್ಟನಡುವೆ ಇಟ್ಟಳು. ಅಪ್ಪನ ಕಣ್ಣಿಗೆ ಅದು ಕಸ ಬಿದ್ದ ಹಾಗಾಯಿತು. ಆಕೆ ಹೋದ ಮೇಲೆ ಅದನ್ನು ಮೂಲೆಗೆ ಸರಿಸಿದ. ಬಂದವಳು ಮತ್ತೆ ನಡುವೆ ಇಟ್ಟಳು. ಇದು ಹಲವು ವಾರ ನಡೆಯಿತು. ಒಂದು ಶನಿವಾರ ಅವ್ವ ಬರುವ ಹೊತ್ತಿಗೆ ಬುಟ್ಟಿ ನಡುವೆಯೇ ಇತ್ತು, ಅದರಲ್ಲಿ ಬೆಳ್ಳುಳ್ಳಿ ತುಂಬಿತ್ತು, ಅದಕ್ಕೆ ಜಾಗ ಸಾಲಲೆಂದು ಎರಡು ಡಬ್ಬಿಗಳು ಬೇರೆ ಕಡೆ ಹೋಗಿದ್ದವು. “ಬರೇ ಹೊಳಿಯೂದ ಇದ್ರ ಕಣ್ಣಿಗೆ ಚುಚ್ಚತೈತಿ,” ಅಂದ ಅಪ್ಪ, ಆ ಮಾತನ್ನು ತಾನೇ ಮೊದಲು ಕಂಡುಹಿಡಿದವನ ಹಾಗೆ. ಅವ್ವ ಆ ಮಾತನ್ನು ಆತನಿಗೇ ಬಿಟ್ಟುಕೊಟ್ಟಳು.

ಓಣಿಯ ಹೆಂಗಸರು ಮೊಸರು ಕೇಳುವ ನೆಪದಲ್ಲಿ ಬಂದು ನೋಡಿ ಹೋದರು. ಆಯಿ ಅವರನ್ನು ಹೊಸ್ತಿಲಲ್ಲೇ ನಿಲ್ಲಿಸಿ, “ನಮ್ಮ ಮಗಾ ಹೊಂದಿಶ್ಯಾನ,” ಅನ್ನುತ್ತಿದ್ದಳು. ಮಂದಿ ಏನಂದಾರು ಅಂದದ್ದು ಆಕೆಗೆ ಮರೆತೇ ಹೋಗಿತ್ತು. ಕಟ್ಟೆಯ ಮೇಲಿನ ಗಂಡಸರು ಮಾತ್ರ ಅಪ್ಪನನ್ನು ಬಿಡುತ್ತಿರಲಿಲ್ಲ. “ಏನೋ ಮಾರಾಯಾ, ಅಡಗಿ ಮನಿ ಸೇರಿದ್ಯಂತ?” ಅಂದರೆ ಅಪ್ಪ, “ಹೌದಪಾ, ಅಲ್ಲಿ ಊಟಾ ಜಲ್ದಿ ಸಿಗತೈತಿ” ಅಂತ ಹೇಳಿ ನಡೆದುಬಿಡುತ್ತಿದ್ದ. ಆಮೇಲೆ ಅವರದೇ ಮನೆಗಳಿಂದ ಕರೆ ಬರತೊಡಗಿತು. ಹೊಸದಾಗಿ ಮದುವೆಯಾದ ಸೊಸೆ ಬಂದ ಮನೆ, ಹೊಸ ಮನೆ ಕಟ್ಟಿದವರು. ಎಲ್ಲಿ ಹೋದರೂ ಅಪ್ಪನದು ಒಂದೇ ಮಾತು: “ಮೊದಲ ಅಡಗಿ ಮಾಡ್ರಿ, ನಾ ನೋಡ್ತೇನಿ. ಆಮ್ಯಾಲೆ ಭಾಂಡೆ ಇಳಸೂಣು.”

ಕೆಲವು ವರ್ಷಗಳಾದ ಮೇಲೆ ಶಾಲೆಗಳಲ್ಲಿ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ಬಂತು. ನಾನು ಆಗ ದಾಂಡೇಲಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತ ಅಲ್ಲಿಯೇ ಇದ್ದೆ. ಅವ್ವ ಇನ್ನೂ ಆ ಹಳ್ಳಿಯಲ್ಲೇ. ಅವಳ ಶಾಲೆಗೂ ಒಂದು ಅಡುಗೆಯ ಖೋಲಿ ಆಯಿತು, ನಾಲ್ಕು ಗೋಡೆ, ಒಂದು ಕಿಟಕಿ. ಒಳಗೆ ಏನನ್ನಾದರೂ ಇಡಲು ಒಂದು ಹಲಗೆಯಿಲ್ಲ. ಅಕ್ಕಿ ಚೀಲ, ಬೇಳೆ, ಪಾತ್ರೆ, ಮಕ್ಕಳ ತಾಟು ಎಲ್ಲ ನೆಲದ ಮೇಲೆ. ಆ ಕಡೆಯ ಮಳೆಗೆ ನೆಲ ಸದಾ ಹಸಿ, ಇರುವೆ ಬೇರೆ. ಅಡುಗೆಯಾಕೆ ದಿನವೂ ಗೊಣಗುತ್ತಾಳೆ ಅಂತ ಅವ್ವ ಒಂದು ರವಿವಾರ ಹೇಳಿದಳು.

“ನಾ ಬರ್ತೇನಿ,” ಅಂದ ಅಪ್ಪ. ಬಚ್ಚಲ ಹಿಂದಿನ ಹಲಗೆಗಳನ್ನು ಹೊರಗೆ ತೆಗೆದ.

ಅಂಗಡಿಗೆ ರಜೆ ಹಾಕಿ ಆತ ಹಲಗೆಗಳನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ದಾಂಡೇಲಿಗೆ ಬಂದ. ನಾನು ಅಲ್ಲಿ ಕೂಡಿಕೊಂಡೆ. ಬಸ್ಸು ಬದಲಿಸುವಾಗ ಕಂಡಕ್ಟರ್ ಹಲಗೆ ನೋಡಿ, “ಏನ್ರೀ ಕಾಕಾ, ಮಂಚಾ ಬಿಚ್ಚಿಕೊಂಡ ಬಂದೀರೇನ?” ಅಂದ. “ಹುಡುಗ್ರ ಊಟದ್ದೈತಪಾ, ಸಾವಕಾಶ ಏರಸು,” ಅಂದ ಅಪ್ಪ. ಕಂಡಕ್ಟರ್ ತಾನೇ ಮೇಲೆ ಹತ್ತಿ ಹಗ್ಗ ಬಿಗಿದ.

ಆ ರಾತ್ರಿ ಅವ್ವನ ಖೋಲಿಯಲ್ಲಿ ಉಳಿದೆವು. ಬೆಳಿಗ್ಗೆ ಶಾಲೆಗೆ ಹೋದಾಗ ಅಡುಗೆಯಾಕೆ ಬಾಗಿಲಲ್ಲೇ ನಿಂತಿದ್ದಳು. ಗಟ್ಟಿ ಮೈಕಟ್ಟಿನ, ಕೊಂಕಣಿ ಮಾತಾಡುವ ಹೆಂಗಸು. ಟೀಚರಬಾಯಿಯವರ ಗಂಡ ಬಂದು ತನ್ನ ಅಡುಗೆಮನೆಯನ್ನು ಸರಿ ಮಾಡುತ್ತಾನಂತೆ ಅನ್ನುವುದು ಆಕೆಗೆ ಸರಿ ಬಂದಿರಲಿಲ್ಲ. ಅಪ್ಪನಿಗೆ ಅಂಗಡಿಯಲ್ಲಿ ಕಲಿತ ಮರಾಠಿ ಗೊತ್ತಿತ್ತು. ಅದರಲ್ಲೇ, ಮೊದಲು ನೀವು ಅಡುಗೆ ಮಾಡಿರಿ, ನಾನು ಏನನ್ನೂ ಮುಟ್ಟುವುದಿಲ್ಲ ಅಂದ. ಆಕೆ ಅವ್ವನ ಮುಖ ನೋಡಿದಳು. ಅವ್ವ, “ನನ್ನೂ ಹಿಂಗ ಕುಂದ್ರಿಸಿ ನೋಡ್ಯಾರ, ಏನೂ ಆಗೂದಿಲ್ಲ” ಅಂತ ಹೇಳಿ ತರಗತಿಗೆ ಹೋದಳು.

ಅಪ್ಪ ಚೀಲದ ಮೇಲೆ ಕೂತ. ಅನ್ನ ಬೇಯುವಷ್ಟರಲ್ಲಿ ನನ್ನ ಕಡೆ ಬಾಗಿ, “ಎಡಚಿ ಇದಾಳ,” ಅಂದ. ಹೌದು, ಆಕೆ ಸೌಟು ಹಿಡಿಯುವುದು, ಸುರಿಯುವುದು, ಕದಡುವುದು ಎಲ್ಲ ಎಡಗೈಯಲ್ಲಿ. ಅಪ್ಪ ಮನೆಯಿಂದ ಲೆಕ್ಕ ಹಾಕಿಕೊಂಡು ಬಂದದ್ದನ್ನೆಲ್ಲ ಬಿಟ್ಟು, ಎಲ್ಲವನ್ನೂ ಎಡಬಲ ತಿರುಗಿಸಿದ. ಮಕ್ಕಳು ಉಂಡು ಮುಗಿಸಿದ ಮೇಲೆ ಕೆಲಸ ಶುರುವಾಯಿತು. ಹಿರಿಯ ತರಗತಿಯ ಶಿಕ್ಷಕರೊಬ್ಬರು ಗೂಟ ಬಡಿಯಲು ಬಂದರು. ಅಡುಗೆಯಾಕೆ ಮೊದಲು ದೂರ ನಿಂತಿದ್ದಳು. ಎಣ್ಣೆಯ ಡಬ್ಬಿಯನ್ನು ಅಪ್ಪ ಒಲೆಯ ಎಡಕ್ಕೆ ಇಟ್ಟಾಗ ಹತ್ತಿರ ಬಂದಳು. ಖಾರದಪುಡಿಯನ್ನು ಇಡುವಾಗ ತಾನೇ ಆತನ ಕೈಯಿಂದ ಇಸಿದುಕೊಂಡು, “ಹಾಂಗಾ, ಹಾಂಗಾ,” ಇಲ್ಲಿ ಇಲ್ಲಿ ಅನ್ನುತ್ತ ಇನ್ನೊಂದು ಕಡೆ ಇಟ್ಟಳು. ಅಪ್ಪ ಅದನ್ನೇ ಸರಿ ಅಂದ. ಆಮೇಲೆ ಆಕೆ ಹೇಳುವುದು, ಅಪ್ಪ ಏರಿಸುವುದು.

ಒಂದು ಹಲಗೆ ಮಿಕ್ಕಿತು. ಅದನ್ನು ಅಪ್ಪ ಬಾಗಿಲ ಹತ್ತಿರ, ನನ್ನ ಮೊಣಕಾಲಿಗಿಂತ ಒಂಚೂರು ಮೇಲೆ ಕೂಡಿಸಿದ. ಇಷ್ಟು ಕೆಳಗೆ ಯಾರಿಗೆ ಅಂತ ಶಿಕ್ಷಕರು ಕೇಳಿದರು. “ಒಂದನೇತ್ತೆಯವರಿಗ್ರಿ,” ಅಂದ. ಮಕ್ಕಳ ತಾಟುಗಳನ್ನು ಅದರ ಮೇಲೆ ಗೋಡೆಗೆ ಆನಿಸಿ ನಿಲ್ಲಿಸಿದ, ಬೀಳದ ಹಾಗೆ ಮುಂದೆ ಒಂದು ಬಿದಿರಿನ ಪಟ್ಟಿ ಬಡಿದ.

ಮರುದಿನ ನಾವು ಹೊರಡುವ ಬಸ್ಸು ಮಧ್ಯಾಹ್ನಕ್ಕಿತ್ತು, ಹಾಗಾಗಿ ಊಟದ ಹೊತ್ತಿಗೆ ಅಲ್ಲೇ ಇದ್ದೆವು. ಗಂಟೆ ಹೊಡೆಯಿತು. ಚಿಕ್ಕ ಮಕ್ಕಳು ಓಡಿ ಬಂದು ಬಾಗಿಲಲ್ಲಿ ಗಕ್ಕನೆ ನಿಂತರು. ಹಿಂದಿನ ದಿನದವರೆಗೆ ನೆಲದ ರಾಶಿಯಲ್ಲಿ ಕಿತ್ತಾಡಿ ತಾಟು ಎಳೆಯುತ್ತಿದ್ದ ಮಕ್ಕಳು ಅವರು. ಒಬ್ಬಳು ಪುಟ್ಟ ಹುಡುಗಿ ಮುಂದೆ ಬಂದು ಒಂದು ತಾಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ತಾಟಿನಲ್ಲಿ ತನ್ನ ಮುಖ ನೋಡಿಕೊಂಡು ನಕ್ಕಳು. ಉಳಿದವರು ಅವಳ ಹಿಂದೆ ಸಾಲಾದರು. ಯಾರೂ ಸಾಲು ಹಿಡಿಯಿರಿ ಅಂತ ಹೇಳಿರಲಿಲ್ಲ. ಊಟವಾದ ಮೇಲೆ ತೊಳೆದ ತಾಟುಗಳನ್ನು ತಂದು ತಾವೇ ಇಟ್ಟರು. ಓರೆಯಾದದ್ದನ್ನು ಒಬ್ಬ ನೆಟ್ಟಗೆ ಮಾಡಿದರೆ ಇನ್ನೊಬ್ಬ ಹಿಂದೆ ಸರಿದು ನೋಡುತ್ತಿದ್ದ. ಅಡುಗೆಯಾಕೆ ಸೊಂಟದ ಮೇಲೆ ಕೈ ಇಟ್ಟು ನಿಂತು, ನಗುತ್ತ ಅವ್ವನಿಗೆ ಕೊಂಕಣಿಯಲ್ಲಿ ಏನೋ ಹೇಳಿದಳು. ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ದಾಂಡೇಲಿಯಲ್ಲಿ ಇಳಿಯುವಾಗ, “ಆ ಸಣ್ಣ ಹುಡುಗಿ ತಾಟಿನ್ಯಾಗ ಮಾರಿ ನೋಡ್ಕೊಂಡ್ಳಲ್ಲ,” ಅಂದ, ಅಷ್ಟೇ. ಅಂಗಡಿಯಲ್ಲಿ ಕಳೆದ ಅಷ್ಟೂ ವರ್ಷಗಳಲ್ಲಿ ಆತನ ಮುಖ ಅಷ್ಟು ತೃಪ್ತವಾಗಿದ್ದನ್ನು ನಾನು ನೋಡಿರಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಅವ್ವನಿಗೆ ಹಳಿಯಾಳದ ಹತ್ತಿರದ ಶಾಲೆಗೆ ವರ್ಗವಾಯಿತು. ಖೋಲಿ ಬಿಟ್ಟು, ಸಾಮಾನು ಕಟ್ಟಿಕೊಂಡು ಬಂದಳು. ಬಂದ ವಾರವೇ ದೀಪಾವಳಿಯ ಸ್ವಚ್ಛತೆ. ನಾನೂ ರಜೆಗೆ ಬಂದಿದ್ದೆ. ಅಪ್ಪ ಎಂದಿನಂತೆ ಪಂಚೆ ಎತ್ತಿ ಕಟ್ಟಿಕೊಂಡು ಮಾಂಡಣಿಯ ಮುಂದೆ ನಿಂತಾಗ ಅವ್ವ ಅಡ್ಡ ಬಂದಳು.

“ಈ ಸಲ ನಾ ಹೊಂದಸ್ತೇನಿ. ನೀವ ಹೊರಗ ಕುಂದರ್ರಿ.”

“ಒಬ್ಬಾಕಿಗೆ ಆಗೂದಿಲ್ಲ.”

“ಮಗಳದಾಳ. ಹೋಗ್ರಿ.”

ಅಪ್ಪ ಅಂಗಳದಲ್ಲಿ ಆಯಿಯ ಪಕ್ಕ ಕೂತ. ಒಳಗೆ ಪಾತ್ರೆಯ ಸದ್ದಾದಾಗಲೆಲ್ಲ ಕುತ್ತಿಗೆ ಉದ್ದ ಮಾಡುತ್ತಿದ್ದ. ಆಯಿ, “ಕುಂದರಪಾ ಸುಮ್ನ” ಅಂತ ಗದರುತ್ತಿದ್ದಳು. ಅವ್ವ ಎಲ್ಲ ಇಳಿಸಿ, ತಿಕ್ಕಿಸಿ, ಗೋಡೆಗೆ ಮತ್ತೆ ನೀಲಿ ಸುಣ್ಣ ಬಳಿಸಿ, ನಿಧಾನವಾಗಿ ಏರಿಸಿದಳು. ದಿನಬಳಕೆಯವು ತಮ್ಮ ತಮ್ಮ ಜಾಗದಲ್ಲೇ ಉಳಿದವು. ಮೇಲಿನ ಹಲಗೆಯಲ್ಲಿ ಮಾತ್ರ ಕೊಡಗಳ ಎತ್ತರದ ಸಾಲನ್ನು ಮುರಿದು, ದೊಡ್ಡದರ ಪಕ್ಕ ತೀರ ಸಣ್ಣದನ್ನು, ಅದರ ಪಕ್ಕ ಕೆಂಪು ಮಣ್ಣಿನ ಗಡಿಗೆಯನ್ನು ಇಟ್ಟಳು. ನಡುವೆ ಕೈಯಗಲದ ಜಾಗ ಬಿಟ್ಟಳು. ನನಗೆ ಅದು ಮನೆಯ ಮಂದಿ ಕೂತು ಮಾತಾಡುತ್ತಿರುವ ಹಾಗೆ ಕಂಡಿತು.

“ಬರ್ರಿ ಈಗ,” ಅಂತ ಕರೆದಳು.

ಅಪ್ಪ ಬಂದು ಹೊಸ್ತಿಲಲ್ಲಿ ನಿಂತ. ಬಹಳ ಹೊತ್ತು ನೋಡಿದ. ಆತನ ಕೈ ತನ್ನಷ್ಟಕ್ಕೆ ಮೇಲೆದ್ದಿತು.

“ಆ ತಂಬಿಗಿ ಒಂಚೂರು...”

“ಮುಟ್ಟಬ್ಯಾಡ್ರಿ.”

ಕೈ ಕೆಳಗಿಳಿಯಿತು. ಮತ್ತೊಮ್ಮೆ ಹಲಗೆಯಿಂದ ಹಲಗೆಗೆ ನೋಡಿದ. “ಛಲೋ ಐತಿ,” ಅಂದ. “ನನಗಿಂತ ಛಲೋ ಐತಿ.” ಮುಖಸ್ತುತಿ ಮಾಡುವ ಮನುಷ್ಯನಲ್ಲ ಆತ, ಅದು ಅವ್ವನಿಗೂ ಗೊತ್ತಿತ್ತು. ಆಕೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಆ ಕಡೆ ತಿರುಗಿ ನಿಂತಳು. ಅಪ್ಪ ಚಪ್ಪಲಿ ಮೆಟ್ಟಿ, ಹಬ್ಬಕ್ಕೆ ಏನೇನು ಬೇಕು ಅಂತ ಕೇಳಿಕೊಂಡು ಪೇಟೆಗೆ ಹೊರಟ. ಬರುವಾಗ ಸಕ್ಕರೆ, ರವೆಯ ಜೊತೆಗೆ ಅವ್ವ ಹೇಳದೆ ಇದ್ದ ಒಂದು ಸಣ್ಣ ಹಿತ್ತಾಳೆ ದೀಪವನ್ನೂ ತಂದಿದ್ದ. ಎಲ್ಲಿಡಬೇಕು ಅಂತ ತಾನು ಹೇಳಲಿಲ್ಲ, ಆಕೆಯ ಕೈಗೆ ಕೊಟ್ಟ.